ವಾರಿಯೊಳಗ ಮಳಿಗಿಂತ ಗಾಳೀದೇ ಕಾಟ: ಪೊಂಚೋ ಹಾರದಂಗ ಹಾಕ್ಕೊಳ್ಳೋದು ಹ್ಯಾಂಗ

ಪುಣೆಯೊಳಗ ನಮ್ಮ ಕಡೆ ಮಂದಿ ಯಾರಾದ್ರೂ ವಾರಿಗೆ, ಅಂದ್ರ ಆಳಂದಿಯಿಂದ ಪಂಢರಪುರಕ್ಕ ನಡಕೊಂಡು ಹೋಗೋ ಯಾತ್ರಾಕ್ಕ, ಹೊಂಟ್ರ ಮೊದಲು ಕೇಳೋದು ಬೂಟಿನ ಬಗ್ಗೆ, ಆಮ್ಯಾಲ ಮಳಿ ಬಗ್ಗೆ. ಗಾಳಿ ಬಗ್ಗೆ ಯಾರೂ ಕೇಳಂಗಿಲ್ಲ. ನಾನೂ ಕೇಳಿರಲಿಲ್ಲ. ಮೊದಲ ವರ್ಷ ಪುಣೆ ದಾಟಿ ಸಾಸವಡ ದಾರಿಯೊಳಗಿನ ದಿವೇ ಘಾಟ ಏರೋವಾಗ ನನ್ನ ಹೊಸ ಪೊಂಚೋ (ತಲಿ ತೂರಿಸಿ ಹಾಕ್ಕೊಳ್ಳೋ ಮಳಿ ಹೊದಿಕಿ) ಹಿಂದಿಂದ ಎದ್ದು ತಲಿ ಮ್ಯಾಲಿಂದ ಬಂದು ಮುಖಕ್ಕ ಮೆತ್ಕೊಂತು, ಕಣ್ಣು ಕಾಣ್ಸಲಿಲ್ಲ, ಮುಂದಿನವರ ಹಿಮ್ಮಡಿ ತುಳದೆ. ಬಾಜೂಕ ತಲಿ ಮ್ಯಾಲ ತುಳಸಿ ಹೊತ್ಕೊಂಡು ಒಬ್ಬ ಮಾವಶಿ ನಡೀತಿದ್ಲು, ಮೈಮ್ಯಾಲ ಬರೀ ಒಂದು ಮೇಣಕಾಪಡ (ಪ್ಲಾಸ್ಟಿಕ್ ಹಾಳಿ), ಆದ್ರ ಅದು ಜಪ್ಪಯ್ಯ ಅಂದ್ರೂ ಅಲ್ಲಾಡವಲ್ದು. ನನ್ನ ನೋಡಿ ನಕ್ಕು "ಮಾವುಲೀ, ಕಮರೇಲಾ ದೋರೀ ಬಾಂಧಾ" ಅಂದ್ಲು. ನಡಕ್ಕ ಹಗ್ಗ ಕಟ್ಟು ಅಂತ (ವಾರಿಯೊಳಗ ಒಬ್ಬರಿಗೊಬ್ಬರು ಮಾವುಲಿ, ಅಂದ್ರ ತಾಯಿ, ಅಂತಾನೇ ಕರೀತಾರ). ಈ ಲೇಖನದ ಅರ್ಧ ಅಷ್ಟೇ, ಉಳಿದರ್ಧ ಕೇಳ್ರಿ.

ಮೊದಲು ಗಾಳಿ ಎಲ್ಲಿಂದ ಬರ್ತದ ತಿಳ್ಕೋರಿ

ಆಳಂದಿಯಿಂದ ಪಂಢರಪುರ ಸುಮಾರು 250 ಕಿಲೋಮೀಟರ್, ದಾರಿ ಒಟ್ಟಾರೆ ಆಗ್ನೇಯಕ್ಕ ಹೋಗ್ತದ. ಮುಂಗಾರು ಗಾಳಿ ಬರೋದು ಪಶ್ಚಿಮ, ನೈಋತ್ಯದಿಂದ. ಅಂದ್ರ ನಿಮ್ಮ ಬಲಭುಜ ಮತ್ತ ಬೆನ್ನು, ಇವೆರಡಕ್ಕೇ ಹೊಡೆತ ಜಾಸ್ತಿ. ಇದು ಗೊತ್ತಾದ್ಮ್ಯಾಲ ನಾನು ಬಲಗಡೆ ಟಿಚ್ ಬಟನ್ ಎಲ್ಲಾ ಹಾಕ್ಕೊಂಡು, ಎಡಗಡೆ ಒಂದೆರಡು ಬಿಟ್ಟಿರ್ತೀನಿ, ಸೆಕಿ ಹೊರಗ ಹೋಗ್ಬೇಕಲ್ಲ. ದಿವೇ ಘಾಟದಾಗ ಮಾತ್ರ ಈ ಲೆಕ್ಕ ನಡೆಯಂಗಿಲ್ಲ, ರಸ್ತೆ ತಿರುವಿಗೊಂದು ದಿಕ್ಕು ಹಿಡೀತದ, ಅದಕ್ಕ ಹಡಪಸರ ದಾಟಿದ ಕೂಡ್ಲೆ, ಘಾಟ ಶುರು ಆಗೋಕ್ಕಿಂತ ಮೊದಲೇ ಎರಡೂ ಕಡೆ ಬಿಗಿ ಮಾಡ್ಕೋರಿ. ಪುಣೆ–ಸಾಸವಡ ಒಂದೇ ದಿನದಾಗ 30 ಕಿಲೋಮೀಟರ್ ಆಸುಪಾಸು, ನಡುವ ನಿಂತು ಸರಿಮಾಡ್ಕೊಳ್ಳಿಕ್ಕೆ ಹಿಂದಿನ ಮಂದಿ ಬಿಡಂಗಿಲ್ಲ.

ತಗೊಳ್ಳೋವಾಗ

ಪೊಂಚೋ ಅಂದ್ರ ಏನು, ದೊಡ್ಡೋರ ಕುಂಚಿಗಿ. ಮೊಣಕಾಲಿನ ತನಕ ಇದ್ರ ಸಾಕು. ಅದಕ್ಕಿಂತ ಉದ್ದ ಇದ್ರ ಘಾಟ ಏರೋವಾಗ ತುಳೀತೀರಿ, ಗಾಳಿಗೂ ಅಷ್ಟು ಜಾಸ್ತಿ ಬಟ್ಟಿ ಸಿಗ್ತದ. ಬೆನ್ನಮ್ಯಾಲ ಬ್ಯಾಗ್ ಹಾಕ್ಕೊಂಡೇ ಅಂಗಡಿಯೊಳಗ ಹಾಕಿ ನೋಡ್ರಿ, ಬ್ಯಾಗ್ ಮ್ಯಾಲ ಏರಿ ಹಿಂದ ಗೇಣುದ್ದ ಮ್ಯಾಲ ಹೋಗ್ತದ, ಅದನ್ನ ಎಲ್ಲಾರೂ ಮರೀತಾರ. ತೆಳ್ಳಂದು ಕುತಿಗಿ ಹತ್ರ ಹರೀತದ, ಭಾಳ ದಪ್ಪಂದು ಹಾಕಿದ್ರ ಮಳಿಗಿಂತ ಬೆವರಿಗೇ ತೋಯ್ತೀರಿ.

ಹಾಕ್ಕೊಳ್ಳೋ ಕ್ರಮ

ಎಲ್ಲಾರೂ ಗಾಳಿಗೆ ಬೆನ್ನು ಹಾಕಿ ನಿಲ್ತಾರ, ತಪ್ಪು. ಹಂಗ ನಿಂತ್ರ ಹಿಂದಿನ ಭಾಗ ಎದ್ದು ತಲಿ ಮ್ಯಾಲ ಬರ್ತದ. ರಸ್ತೆ ಬಾಜೂಕ ಸರೀರಿ, ಮೊದಲು ಬ್ಯಾಗ್ ಹಾಕ್ಕೋರಿ, ಗಾಳಿಗೆ ಮುಖಾ ಮಾಡ್ರಿ. ತಲಿ ತೂರಿಸ್ರಿ. ಮುಂದಿನ ಭಾಗ ತಾನೇ ಎದಿಗೆ ಅಂಟ್ಕೋತದ, ಹಿಂದಿನದನ್ನ ಗಾಳೀನೇ ಬ್ಯಾಗಿನ ಮ್ಯಾಲಿಂದ ಹಾಯಿಸ್ತದ, ನೀವು ಕೈ ಹಿಂದ ಮಾಡಿ ಒಂದು ಸಲ ಕೆಳಗ ಜಗ್ಗಿದ್ರ ಆತು.

ಆಮ್ಯಾಲ ಹಗ್ಗ. ಪೊಂಚೋದ ಹೊರಗಿಂದ, ಬ್ಯಾಗಿನ ಕೆಳಗ, ನಡಕ್ಕ ಬರೋಹಂಗ ಕಟ್ರಿ. ತೆಳ್ಳನ ನೈಲಾನ್ ಹಗ್ಗ ಕೊರೀತದ, ಅಗಲ ಎಲಾಸ್ಟಿಕ್ ಇಲ್ಲಾ ಹಳೇ ಸೀರಿ ಅಂಚು ಛಲೋ. ಗಂಟು ಒಂದೇ ಜಗ್ಗಿಗೆ ಬಿಚ್ಚೋಹಂಗ ಇರ್ಲಿ, ಇದು ಭಾಳ ಮುಖ್ಯ, ಯಾಕಂದ್ರ ದಿಂಡಿ (ಜೋಡಿಯಾಗಿ ನಡಿಯೋ ವಾರಕರಿ ಗುಂಪು) ಟ್ರಕ್ಕು, ಟೆಂಪೋ ಮೈಗೆ ತಾಗೋಹಂಗ ಹೋಗ್ತಿರ್ತಾವು, ಅವುಗಳ ಕೊಂಡಿಗೆ ಪೊಂಚೋ ಸಿಕ್ಕೊಂಡ್ರ ನೀವೂ ಅದ್ರ ಜೋಡಿ ಹೋಗಬಾರ್ದು. ಹಂಗೇ ಟೊಪಗಿ ಲಾಡಿ ಕುತಿಗಿಗೆ ಬಿಗಿಬ್ಯಾಡ್ರಿ. ಒಳಗ ಮುಂದ ಅಂಚಿರೋ ಕ್ರಿಕೆಟ್ ಟೊಪಗಿ ಹಾಕ್ರಿ, ಪೊಂಚೋದ ಟೊಪಗಿ ಕಣ್ಣಮ್ಯಾಲ ಇಳಿಯಂಗಿಲ್ಲ. ಕಿವಿ ಸ್ವಲ್ಪ ತೆರದಿರ್ಲಿ, ಹಾರ್ನ್ ಕೇಳಿಸ್ಬೇಕು. ಛತ್ರಿ ಬಗ್ಗೆ ಕೇಳಬ್ಯಾಡ್ರಿ, ಆ ಗದ್ದಲದಾಗ ಛತ್ರಿ ತಂದವರ ಕಡ್ಡಿ ಬ್ಯಾರೇದವರ ಕಣ್ಣಾಗ.

ಎಲ್ಲಿ ತೆಗೀಬೇಕು

ಚಹಾ ಅಂಗಡಿ ಒಲಿ ಹತ್ರ ಹೋಗೋಕ್ಕಿಂತ ಮೊದಲು ತೆಗೀರಿ, ಪ್ಲಾಸ್ಟಿಕ್ ಅಂಚು ಹಾರಿ ಬೆಂಕಿಗೆ ಬೀಳ್ಳಿಕ್ಕೆ ಹೊತ್ತು ಬೇಕಾಗಂಗಿಲ್ಲ. ಇನ್ನೊಂದು ರಿಂಗಣ, ಅಂದ್ರ ವಾರಿ ಕುದುರಿ ಓಡಿಸೋ ಆಚರಣೆ. ಲೋಣಂದ ದಾಟಿ ಚಾಂದೋಬಾಚಾ ಲಿಂಬ ಹತ್ರ ಮೊದಲ ಉಭೇ ರಿಂಗಣ (ಮಂದಿ ಸಾಲಾಗಿ ನಿಂತಿರೋದು) ಆಗ್ತದ, ಕುದುರಿ ಮಂದಿ ನಡುವೇನೇ ಓಡ್ತಾವು. ಪಟಪಟ ಹಾರೋ ಪ್ಲಾಸ್ಟಿಕ್ಕಿಗೆ ಕುದುರಿ ಬೆದರ್ತಾವು, ಮಡಚಿ ಬ್ಯಾಗಿಗೆ ಹಾಕ್ರಿ. ಮತ್ತ ಆ ಮಾವುಲಿ (ಸಂತ ಜ್ಞಾನೇಶ್ವರರ) ಕುದುರಿ ಬರೋದು ನಮ್ಮ ಚಿಕ್ಕೋಡಿ ಕಡೆ ಅಂಕಲಿಯಿಂದ, ಶಿತೋಳೆ ಸರ್ಕಾರ್ ಮನೆತನದ್ದು, ಹಂಗಾಗಿ ನಮಗ ಒಂದು ಮರ್ಯಾದಿ ಜಾಸ್ತೀನೇ ಇರ್ಬೇಕು ಅಂತ ನನ್ನ ಲೆಕ್ಕ.

ಫಲಟಣ ದಾಟಿದ ಮ್ಯಾಲ ಮಳಿ ಕಡಿಮಿ, ಅದು ಮಳಿನೆರಳಿನ ಸೀಮಿ. ಗಾಳಿ ಮಾತ್ರ ಬಯಲಾಗ ಹಂಗೇ ಬೀಸ್ತದ. ಅಲ್ಲಿ ಸಣ್ಣ ಹನಿಗೆ ಪೊಂಚೋ ಹಾಕೋದು ದಂಡ, ಹತ್ತು ನಿಮಿಷದಾಗ ಗಾಳೀಗೇ ಅಂಗಿ ಒಣಗ್ತದ. ಬ್ಯಾಗಿನ ಮ್ಯಾಲಿನ ಖಾನೆಯೊಳಗ ಇಡ್ರಿ, ತಳಕ್ಕ ಅಲ್ಲ.

ರಾತ್ರಿ ಮುಕ್ಕಾಮಿನ್ಯಾಗ ಒದ್ದಿ ಪೊಂಚೋ ಹಗ್ಗದ ಮ್ಯಾಲ ಬರೇ ಒಗೆದು ಮಲಗಬ್ಯಾಡ್ರಿ. ನಾಲ್ಕು ಬಟ್ಟಿ ಕ್ಲಿಪ್ ಮನಿಯಿಂದ ತರ್ರಿ, ತೂಕ ಏನೂ ಇಲ್ಲ. ನಾನು ಎರಡೇ ಕ್ಲಿಪ್ ಹಾಕಿದ ವರ್ಷ, ಮುಂಜಾನೆ ನಾಕಕ್ಕ ಎದ್ದು ಬ್ಯಾಟರಿ ಹಿಡ್ಕೊಂಡು ಹುಡುಕಿದ್ರ, ಬಾಜೂ ದಿಂಡಿ ಟ್ರಕ್ಕಿನ ಟಪ್ಪದ ಮ್ಯಾಲ ಕೂತಿತ್ತು, ಅವರು ತಮ್ದೇ ಅಂತ ತಿಳ್ಕೊಂಡು ಅಕ್ಕಿ ಚೀಲದ ಮ್ಯಾಲ ಹೊಚ್ಚಲಿಕ್ಕೆ ಇಳಸ್ತಿದ್ರು.