ಪಂದ್ಯದ ಚೈನ್‌ಸಾ: ಬಿಸಿಯಾದ ಮೇಲೆ ರೇಸ್ ಇಳಿಯದಿದ್ದರೆ

ಸಿಲಿಂಡರ್ ಬುಡದ ಪ್ಯಾಕಿಂಗ್ ತೆಗೆದು ಕಂಪ್ರೆಶನ್ ಏರಿಸಿ, ಸೈಲೆನ್ಸರ್ ಬಾಯಿ ಅಗಲ ಮಾಡಿದ 70 ಸಿಸಿ ಚೈನ್‌ಸಾ. ಖಾನಾಪುರದ ಸಾಗವಾನಿ ದಿಮ್ಮಿ ಮೇಲೆ ಮೊದಲ ಕೊಯ್ತ ಚಲೋ. ಬಿಸಿಯಾದರೆ ಮಾತ್ರ ಎಕ್ಸಿಲೇಟರ್ ಬಿಟ್ಟರೂ ರೇಸ್ ಇಳಿಯುತ್ತಿರಲಿಲ್ಲ.

ಇಂಥದ್ದಕ್ಕೆ ಕಾರ್ಬ್ಯುರೇಟರಿನ ಎಚ್ ಸ್ಕ್ರೂ (ಫುಲ್ ರೇಸಿನ ಪೆಟ್ರೋಲ್ ಹೊಂದಿಸುವುದು) ಸಡಿಲಿಸಿ ಪೆಟ್ರೋಲ್ ಹೆಚ್ಚಿಸುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ, ರೋಗ ಮುಚ್ಚಿಹೋಗುತ್ತದೆ ಅಷ್ಟೇ. ಸಾಮಾನ್ಯವಾಗಿ ರೋಗ ಗಾಳಿ ಸೋರಿಕೆಯದು: ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡಾಗ ಪೆಟ್ರೋಲಿನ ಜೊತೆ ಎಣ್ಣೆಯ ಪಾಲೂ ಕಡಿಮೆಯಾಗಿ ಪಿಸ್ಟನ್ ಗೀರಿ ಹಿಡಿದುಕೊಳ್ಳುತ್ತದೆ.

ಕಾರ್ಬ್ಯುರೇಟರ್, ಸೈಲೆನ್ಸರ್ ಬಿಚ್ಚಿ, ಎರಡೂ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ತುಂಡು ಇಟ್ಟು ಪಟ್ಟಿಯಿಂದ ಬಿಗಿದೆ. ಪ್ಲಗ್ ಹಾಕಿಯೇ ಇರಲಿ. ಇಂಪಲ್ಸ್ ರಂಧ್ರದಿಂದ (ಕ್ರ್ಯಾಂಕ್‌ಕೇಸಿನ ಒತ್ತಡದ ಬಡಿತವನ್ನು ಕಾರ್ಬ್ಯುರೇಟರಿಗೆ ಒಯ್ಯುವ ತೂತು) ಕೈಪಂಪಿನಲ್ಲಿ ಸುಮಾರು 7 ಪಿಎಸ್‌ಐ ಗಾಳಿ ಕೊಟ್ಟು ಸಾಬೂನು ನೀರು ಹಚ್ಚಿದಾಗ ಸಿಲಿಂಡರ್ ಬುಡದ ಒಂದು ಮೂಲೆಯಲ್ಲಿ ಗುಳ್ಳೆ ಎದ್ದವು. ಅಲ್ಲಿ ಪ್ಯಾಕಿಂಗ್ ಬದಲು ಹಚ್ಚಿದ್ದ ಸೀಲೆಂಟ್ ತೆಳುವಾಗಿತ್ತು.

ಹಳೆಯದನ್ನು ಕೆರೆದು, ಥಿನ್ನರ್‌ನಿಂದ ಒರೆಸಿದೆ. ಸೀಲೆಂಟ್ ಹಚ್ಚುವ ಮುಂಚೆ ಸಿಲಿಂಡರ್ ಬಿಗಿದು, ಪ್ಲಗ್ ರಂಧ್ರದಿಂದ ಸೋಲ್ಡರ್ ತಂತಿ ಸಿಲಿಂಡರ್ ಗೋಡೆಗೆ ತಾಗುವಂತೆ ಇಳಿಸಿ ಇಂಜಿನ್ ತಿರುಗಿಸಿ ಪಿಸ್ಟನ್ ತಲೆಯ ಮೇಲಿನ ಸಂದು ಅಳೆಯಬೇಕು: ಚಪ್ಪಟೆಯಾದ ತುದಿ 0.5 ಮಿ.ಮೀ.ಗಿಂತ ತೆಳ್ಳಗಿರಬಾರದು. ಆಮೇಲೆ ಪೆಟ್ರೋಲ್ ತಡೆಯುವ ಸೀಲೆಂಟ್ ತೆಳುವಾಗಿ, ಎಲ್ಲೂ ಬಿಡದೆ. ಬೋಲ್ಟ್ ಅಡ್ಡಡ್ಡ ಬಿಗಿದು, ಒಂದು ರಾತ್ರಿ ಒಣಗಲು ಬಿಟ್ಟೆ. ಮರುಪರೀಕ್ಷೆಯಲ್ಲಿ ವ್ಯಾಕ್ಯೂಮ್ ಕೂಡ ನೋಡಿ. ಒತ್ತಡ ತಡೆದ ಕ್ರ್ಯಾಂಕ್ ಸೀಲ್ ಎಳೆತಕ್ಕೆ ಸೋರುವುದುಂಟು.

ಕೊನೆಗೆ ಟ್ಯೂನಿಂಗ್: ಖಾಲಿ ಫುಲ್ ರೇಸಿನಲ್ಲಿ ಸ್ವಲ್ಪ ಗರಗರ, ದಿಮ್ಮಿಗೆ ಇಳಿದೊಡನೆ ಸ್ವಚ್ಛ ದನಿ. ಟೂ-ಸ್ಟ್ರೋಕ್ ಎಣ್ಣೆ ಲೀಟರ್ ಪೆಟ್ರೋಲಿಗೆ 25 ಮಿ.ಲೀ.