ಕೆಂಪು ತಂತಿ ಮುಟ್ಟಬೇಡಿ

ಎಡಿನ್‌ಬರ್ಗ್‌ನಲ್ಲಿ ಹಾರ್ಪ್ ಉತ್ಸವ ನಡೆಯುವುದು ವಸಂತದಲ್ಲಿ. ಹೆಸರಿಗೆ ವಸಂತ, ಬೆಳಗಿನ ಹೊತ್ತು ಬೆರಳು ಮರಗಟ್ಟಿರುತ್ತದೆ. ಅಲ್ಲಿ ನಾನು ಪಾಠ ಹೇಳುವ ದಿನ ಎದ್ದವಳೇ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂರುತ್ತೇನೆ. ನನ್ನ ಕ್ಲಾರ್ಸಖ್‌ಗೆ, ಅಂದರೆ ಸ್ಕಾಟ್ಲೆಂಡಿನ ಚಿಕ್ಕ ಹಾರ್ಪ್‌ಗೆ, 34 ತಂತಿ. ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದ ಕೂಡಲೇ ಶ್ರುತಿ ಮಾಡಿದರೆ ಆ ಕೆಲಸವೆಲ್ಲ ದಂಡ. ಚೀಲ ಬಿಚ್ಚಿ ಅರ್ಧ ಗಂಟೆ ಹಾಗೇ ಬಿಡುತ್ತೇನೆ. ಮರ, ತಂತಿ ಎರಡೂ ಕೋಣೆಗೆ ಹೊಂದಿಕೊಂಡ ಮೇಲೆಯೇ ಶ್ರುತಿ ಮಾಡುವ ಕೀಲಿಯನ್ನು ಕೈಗೆತ್ತಿಕೊಳ್ಳುವುದು.

ನಾನು ಮೈಸೂರಿನಲ್ಲಿ ವೀಣೆ ಕಲಿತವಳು. ವೀಣೆಯಲ್ಲಿ ಒಂದೇ ತಂತಿಯನ್ನು ಎಳೆದು ಎಷ್ಟೋ ಸ್ವರ ತೆಗೆಯಬಹುದು. ಇಲ್ಲಿ ಒಂದು ತಂತಿಗೆ ಒಂದು ಸ್ವರ, ಮೇಲಿನ ಲೀವರ್ ಎತ್ತಿದರೆ ಅರ್ಧ ಸ್ವರ ಏರುತ್ತದೆ, ಅಷ್ಟೆ. ಗಮಕವಿಲ್ಲ ಎಂದು ಮೊದಲ ವರ್ಷ ಬಹಳ ಸಂಕಟಪಟ್ಟಿದ್ದೆ. ಆದರೆ ಮೀಟಿದ ಮೇಲೆ ನಾದ ತಾನಾಗಿ ಕರಗುವವರೆಗೂ ಕಾಯುವುದನ್ನು ಕಲಿಸಿದ್ದು ಈ ವಾದ್ಯವೇ.

ಬೆಳಗಿನ ತರಗತಿಯಲ್ಲಿ ಹನ್ನೆರಡು ಜನ. ಎಲ್ಲರೂ ಹೊಸಬರು, ಎಲ್ಲರದೂ ಬಾಡಿಗೆ ಹಾರ್ಪ್. ಕಣ್ಣಿಗೆ ಗುರುತು ಸಿಗಲೆಂದು ಹಾರ್ಪ್‌ನಲ್ಲಿ ‘ಸಿ’ ತಂತಿಗಳು ಕೆಂಪಾಗಿ, ‘ಎಫ್’ ತಂತಿಗಳು ಕಪ್ಪಾಗಿ ಇರುತ್ತವೆ. ಅವರು ಬರುವ ಮುಂಚೆಯೇ ಎಲ್ಲರ ಲೀವರ್‌ಗಳನ್ನೂ ‘ಡಿ’ ಮೇಜರ್‌ಗೆ, ಅಂದರೆ ‘ಡಿ’ಯಿಂದ ಶುರುವಾಗುವ ಪಾಶ್ಚಾತ್ಯ ಸ್ವರಶ್ರೇಣಿಗೆ, ಇಟ್ಟಿದ್ದೆ.

“ಕೆಂಪು ತಂತಿ ಮುಟ್ಟಬೇಡಿ. ಕಪ್ಪು ತಂತಿಯ ಪಕ್ಕ, ನಿಮ್ಮ ಮೈ ಕಡೆಗಿರುವುದನ್ನೂ ಬಿಟ್ಟುಬಿಡಿ. ಉಳಿದದ್ದರಲ್ಲಿ ಏನು ಬೇಕಾದರೂ ಮೀಟಿ” ಎಂದೆ.

‘ಡಿ’ಯನ್ನು ಷಡ್ಜ ಮಾಡಿಕೊಂಡರೆ ಕೆಂಪು ತಂತಿ ನಿಷಾದ, ಕಪ್ಪಿನ ಪಕ್ಕದ್ದು ಮಧ್ಯಮ. ಎರಡನ್ನೂ ಬಿಟ್ಟರೆ ಉಳಿಯುವುದು ಸರಿಗಪದ, ನಮ್ಮ ಮೋಹನ ರಾಗದ ಸ್ವರಗಳು. ಸ್ಕಾಟ್ಲೆಂಡಿನ ಎಷ್ಟೋ ಹಳೆಯ ಧಾಟಿಗಳು ಇದೇ ಐದು ಸ್ವರಗಳಲ್ಲಿವೆ. ಹನ್ನೆರಡು ಜನ ಒಟ್ಟಿಗೆ, ಮನಸ್ಸಿಗೆ ಬಂದದ್ದನ್ನು ಮೀಟಿದರೂ ಕೋಣೆಯಲ್ಲಿ ಅಪಸ್ವರವಿಲ್ಲ. ಹೊಸಬರ ಹೆದರಿಕೆ ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಆಮೇಲೆ ಪಾಠ. ಕಾಗದ ಕೊಡುವುದಿಲ್ಲ. ಒಂದು ತುಣುಕು ನುಡಿಸುತ್ತೇನೆ, ಅವರು ಹಾಡುತ್ತಾರೆ, ಬಾಯಿಗೆ ಬಂದ ಮೇಲೆಯೇ ಬೆರಳು ತಂತಿಗೆ. ನನ್ನ ವೀಣೆಯ ಟೀಚರ್ ನನಗೆ ಹೀಗೇ ಹೇಳಿಕೊಟ್ಟಿದ್ದರು. ಇಲ್ಲಿನ ಸಂಪ್ರದಾಯದ ಕಲಿಕೆಯೂ ಕಿವಿಯಿಂದಲೇ ಆದ್ದರಿಂದ ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ಎಪ್ಪತ್ತು ದಾಟಿದ ಒಬ್ಬರು ಮೀಟಿದ ಬೆರಳನ್ನು ಗಾಳಿಯಲ್ಲೇ ಸೆಟೆದು ನಿಲ್ಲಿಸುತ್ತಿದ್ದರು, ನಾದ ತೆಳ್ಳಗೆ ಬರುತ್ತಿತ್ತು. ಪಕ್ಕದಲ್ಲಿ ಕೂತು, ಹೆಬ್ಬೆರಳು ಮೇಲಕ್ಕೆ, ಮೂರು ಬೆರಳು ಕೆಳಕ್ಕೆ, ಮೀಟಿದ ಬೆರಳು ಅಂಗೈಗೆ ಬಂದು ಮುಚ್ಚಿಕೊಳ್ಳಬೇಕು ಎಂದು ನಿಧಾನವಾಗಿ ತೋರಿಸಿದೆ. ಕಿರುಬೆರಳಿಗೆ ಹಾರ್ಪ್‌ನಲ್ಲಿ ಕೆಲಸವಿಲ್ಲ. ಐದಾರು ಸಲದ ನಂತರ ಒಮ್ಮೆ ಬೆರಳು ಸರಿಯಾಗಿ ಮಡಚಿತು, ಗುಂಡಗಿನ ದೊಡ್ಡ ನಾದ ಹೊರಟಿತು. ಅವರು ಕೈ ತೆಗೆದು ಆ ತಂತಿಯನ್ನೇ ನೋಡುತ್ತ ಕೂತರು. ನಾನೂ ಏನೂ ಹೇಳಲಿಲ್ಲ.

ಮಧ್ಯಾಹ್ನ ಸ್ವಲ್ಪ ಪಳಗಿದವರಿಗೆ ಸ್ಟ್ರಾತ್‌ಸ್ಪೇ, ಸ್ಕಾಟ್ಲೆಂಡಿನ ಒಂದು ಕುಣಿತದ ಧಾಟಿ. ಅದರ ಜೀವ ಇರುವುದು ಲಘುವಿನ ಮೇಲೆ ಪೆಟ್ಟು ಬಿದ್ದು ಗುರು ಹಿಂದೆ ಬರುವ ನಡೆಯಲ್ಲಿ. ಚಪ್ಪಾಳೆ ತಟ್ಟಿಸಿಯೇ ಇಪ್ಪತ್ತು ನಿಮಿಷ ಕಳೆದೆ.

ಸಂಜೆ ಏಳಕ್ಕೆ ನನ್ನ ಇಪ್ಪತ್ತು ನಿಮಿಷದ ಕಛೇರಿ. ಆರೂ ಇಪ್ಪತ್ತಕ್ಕೆ ಪಟ್ಟೆಂದು ತಂತಿ ಹೋಯಿತು. ಅದೂ ನಡುಸ್ಥಾಯಿಯ ‘ಎ’, ನನ್ನ ಪಂಚಮ. ಹಾರ್ಪ್‌ನ ಹಿಂಬದಿಯ ಕಿಂಡಿಯಿಂದ ಕೈ ತೂರಿಸಿ ಹಳೆಯ ಗಂಟನ್ನು ತೆಗೆದೆ. ಹೊಸ ತಂತಿಯ ತುದಿಗೆ ಗಂಟು ಹಾಕಿ, ತೂತಿನಿಂದ ಜಾರದಂತೆ ಗಂಟಿನೊಳಗೆ ದಪ್ಪ ತಂತಿಯ ಚೂರು ಸಿಕ್ಕಿಸಿ, ಮೇಲಿನ ಬಿರಡೆಗೆ ಸುತ್ತಿದೆ. ಹತ್ತು ನಿಮಿಷದಲ್ಲಿ ಅದು ಮುಗಿಯಿತು. ಕಷ್ಟ ಇರುವುದು ಆಮೇಲೆ. ಪ್ರಾಣಿಯ ಕರುಳಿನಿಂದ ಮಾಡಿದ ಹೊಸ ತಂತಿ ದಿನಗಟ್ಟಲೆ ಹಿಗ್ಗುತ್ತದೆ. ಶ್ರುತಿ ಸೇರಿಸಿ ಉಸಿರು ಬಿಡುವಷ್ಟರಲ್ಲಿ ಮತ್ತೆ ಇಳಿದಿರುತ್ತದೆ.

ಜಿಗ್, ರೀಲ್‌ನಂಥ ವೇಗದ ಕುಣಿತದ ಧಾಟಿಗಳಲ್ಲಿ ಆ ತಂತಿ ಕ್ಷಣಮಾತ್ರ ಬಂದು ಹೋಗುತ್ತದೆ, ಚೂರು ಇಳಿದಿದ್ದರೂ ಸಾಗುತ್ತದೆ. ಆದರೆ ವಿಳಂಬದ ಧಾಟಿಯೊಂದಿತ್ತು, ಅದು ಪಂಚಮದ ಮೇಲೇ ಬಂದು ನಿಲ್ಲುವಂಥದ್ದು. ಕೈಬಿಡಲು ಮನಸ್ಸಾಗಲಿಲ್ಲ. ಇಡೀ ಧಾಟಿಯನ್ನು ಒಂದು ಸ್ಥಾಯಿ ಕೆಳಗಿಳಿಸಿದೆ. ಮಂದ್ರದಲ್ಲಿ ಎರಡೂ ಕೈ ತುಂಬಿ ನುಡಿಸಿದರೆ ನಾದ ಕಲಸಿಹೋಗುತ್ತದೆ. ಅದಕ್ಕೆ ಎಡಗೈಯಲ್ಲಿ ಬರೀ ಷಡ್ಜ ಪಂಚಮ ಉಳಿಸಿಕೊಂಡೆ, ಅದೂ ಸಾಲಿಗೊಮ್ಮೆ. “ಹೊಸ ತಂತಿ ಹಾಕಿದ್ದೇನೆ, ನಡುನಡುವೆ ಶ್ರುತಿ ಮಾಡಿಕೊಳ್ಳುತ್ತೇನೆ” ಎಂದು ಸಭೆಗೆ ಮೊದಲೇ ಹೇಳಿದೆ. ಕೂತಿದ್ದವರಲ್ಲಿ ಬಹುಪಾಲು ಹಾರ್ಪ್ ನುಡಿಸುವವರೇ, ಎಲ್ಲರೂ ತಲೆಯಾಡಿಸಿದರು. ಆ ಧಾಟಿಯನ್ನು ಅಷ್ಟು ಕೆಳಗೆ ನಾನೇ ಎಂದೂ ಕೇಳಿರಲಿಲ್ಲ. ದನಿ ಗಂಭೀರವಾಗಿ, ಗಂಡಸರು ಹಾಡಿದ ಹಾಗೆ ಬಂತು.

ಮರುದಿನ ಬೆಳಿಗ್ಗೆ ನೋಡಿದರೆ ‘ಎ’ ತಂತಿ ಅರ್ಧ ಸ್ವರ ಇಳಿದಿತ್ತು. ಆ ದಿನ ಏಳು ಸಲ ಏರಿಸಿದೆ, ಮೂರನೆಯ ದಿನಕ್ಕೆ ನಿಂತಿತು. ವಿಳಂಬದ ಧಾಟಿಯನ್ನು ಮಾತ್ರ ಮೇಲಕ್ಕೆ ತರಲಿಲ್ಲ, ಈಗಲೂ ಮಂದ್ರದಲ್ಲೇ ನುಡಿಸುತ್ತೇನೆ.