ನಾವು 'ಲೈವ್ ಬ್ಯಾಂಡ್' ಅಲ್ಲ

2009ರಲ್ಲಿ ನಾಲ್ಕು ಜನ ಗೆಳೆಯರು ಸೇರಿ ಬ್ಯಾಂಡ್ ಶುರು ಮಾಡಿದೆವು. ನಾನು ಬೇಸ್ ಗಿಟಾರ್. 'ಲೈವ್ ಬ್ಯಾಂಡ್‌ನಲ್ಲಿ ನುಡಿಸ್ತೀನಿ' ಅಂದ ತಕ್ಷಣ ಅಪ್ಪ ಪೇಪರ್ ಮಡಿಸಿಟ್ಟು ನನ್ನನ್ನೇ ನೋಡಿದರು. ಬೆಂಗಳೂರಿನ ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್' ಅಂದರೆ ಹುಡುಗಿಯರು ಕುಣಿಯುವ ಬಾರ್, ಅದರ ಮೇಲೆ ಪೊಲೀಸ್ ದಾಳಿ. ಗಿಟಾರ್ ತಂದು ತೋರಿಸಿದ ಮೇಲೇ ಅವರಿಗೆ ಸಮಾಧಾನ.

ಈ ಊರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ 1996ರಿಂದಲೇ ಇತ್ತು. ಸ್ವಂತ ಹಾಡು, ಆದರೆ ಇಂಗ್ಲಿಷ್. ಕನ್ನಡದಲ್ಲೂ ಆಗುತ್ತೆ ಅನ್ನೋ ಧೈರ್ಯ ನಮಗೆ ಬಂದಿದ್ದು 2008ರಲ್ಲಿ, ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಕೇಳಿ.

ಧೈರ್ಯ ಬಂತು, ಹಾಡು ಬರಲಿಲ್ಲ. ನಮ್ಮ ಮೊದಲ ಹಾಡಿನ ಪಲ್ಲವಿ 'ನಾ ಬರುವೆನು' ಅಂತ ಮುಗಿಯುತ್ತಿತ್ತು. ಅಲ್ಲೇ ಎಲ್ಲಕ್ಕಿಂತ ಮೇಲಿನ ಸ್ವರ. 'ನು' ಹಿಡಿದು ನಾಲ್ಕು ಬೀಟ್ ಎಳೆದರೆ ನಮ್ಮ ಗಾಯಕನ ತುಟಿ ಮುಚ್ಚಿಕೊಂಡು, ದನಿ ಬಾಟಲಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಆಂಪ್ಲಿಫೈಯರ್ ಬದಲಿಸಿದೆವು, ಶ್ರುತಿ ಇಳಿಸಿದೆವು, ಅವನನ್ನು ಬೈದೆವು. ತಾಲೀಮು ಮಾಡುವ ಜ್ಯಾಮ್ ರೂಮಿಗೆ ಆಗ ಗಂಟೆಗೆ 300 ರೂಪಾಯಿ. ಆರು ತಿಂಗಳು ಹೀಗೇ ಹೋಯಿತು.

ಒಂದು ಸಂಜೆ ಹೊರಗೆ ಟೀ ಕುಡಿಯುತ್ತಾ ನಿಂತಿದ್ದೆವು. ಡ್ರಮ್ಮರ್ ಬಾಗಿಲಲ್ಲಿ ನಿಂತು 'ಲೇ, ಬಾರೋ!' ಅಂತ ಕೂಗಿದ. ರಸ್ತೆಯ ಆ ತುದಿಗೂ ಕೇಳಿಸಿತು. ಕನ್ನಡದ ಕ್ರಿಯಾಪದ ಜಾಸ್ತಿ ಉ, ಇ, ಎ ಮೇಲೆ ನಿಲ್ಲುತ್ತೆ. ಆದರೆ ಯಾರನ್ನಾದರೂ ಕರೆಯುವಾಗ ಬಾಯಿ ತೆರೆದೇ ಇರುತ್ತೆ ಅಲ್ವಾ? ಬಾ, ಕೇಳೋ, ತಾರಮ್ಮಾ. ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ನಿಲ್ಲೋದೂ 'ಓ' ಮೇಲೆಯೇ. ರಘು ಆಲ್ಬಮ್‌ನಲ್ಲಿ ಅದನ್ನು ನೂರು ಸಲ ಕೇಳಿದ್ದೆವು, ಕಿವಿಗೆ ಬಿದ್ದಿರಲಿಲ್ಲ! 'ನಾ ಬರುವೆನು' ಹೋಗಿ 'ನೀ ಬಾರೋ' ಆಯಿತು. ಹಾಡಿನ ಅರ್ಥವೇ ತಿರುಗಿಬಿತ್ತು, ಇರಲಿ.

ಆಮೇಲೆ ಪಬ್‌ಗಳಲ್ಲಿ ನುಡಿಸುವ ಗಿಗ್ ಸಿಕ್ಕವು. ದುಡ್ಡು ಆಟೋಗೆ, ತಂತಿಗೆ ಸರಿಹೋಗುತ್ತಿತ್ತು.

2018 ನಮ್ಮನ್ನು ಕೂರಿಸಿತು. ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಕಡ್ಡಾಯ ಅನ್ನುವ ಬೆಂಗಳೂರು ಪೊಲೀಸರ 2005ರ ಆದೇಶವನ್ನು ಸುಪ್ರೀಂ ಕೋರ್ಟ್ ಆ ಜನವರಿಯಲ್ಲಿ ಎತ್ತಿಹಿಡಿಯಿತು. ಪಬ್‌ಗಳಲ್ಲಿ ತಪಾಸಣೆ ಶುರುವಾಯಿತು. ನಾವು ಪ್ರತಿ ತಿಂಗಳು ನುಡಿಸುತ್ತಿದ್ದ ಜಾಗದವರು ಫೋನ್ ಮಾಡಿ, 'ಲೈವ್ ಬ್ಯಾಂಡ್ ಲೈಸೆನ್ಸ್ ಇಲ್ಲ, ಈ ಶನಿವಾರ ಬೇಡ' ಅಂದರು. ಮುಂದಿನ ಶನಿವಾರವೂ ಬೇಡವಾಯಿತು. ಅಪ್ಪನಿಗೆ ಹೇಳಿದೆ. 'ನಾನು ಅವತ್ತೇ ಅಂದುಕೊಂಡಿದ್ದೆ' ಅಂದರು.

ನವೆಂಬರ್‌ನಲ್ಲಿ ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಕರೆದರು. ಶಾಮಿಯಾನ, ಎರಡು ಸ್ಪೀಕರ್, ಮುಂದಿನ ಸಾಲಲ್ಲಿ ಅಪ್ಪ. ನಿರೂಪಕರು ನಮ್ಮನ್ನು 'ಆರ್ಕೆಸ್ಟ್ರಾ ತಂಡ' ಅಂತ ಪರಿಚಯಿಸಿ, ಮೈಕ್ ಕೊಡುವಾಗ ಮೆಲ್ಲಗೆ ಹೇಳಿದರು: 'ಮೊದಲು ಅಣ್ಣಾವ್ರದ್ದು ಎರಡು ಆಗಲಿ. ಆಮೇಲೆ ನಿಮ್ಮದು ಏನಾದ್ರೂ ಹಾಡ್ಕೊಳ್ಳಿ.'

ಹಾಡಿದೆವು. 'ಬಾರೋ' ಮೂರನೆಯದು.